ನಾಲ್ಕನೆಯ ಪ್ರತಿ

ನಮ್ಮ ಕಚೇರಿಯಲ್ಲಿ ಒಂದೇ ಪದಕ್ಕೆ ಎಷ್ಟೊಂದು ದುಡಿಮೆ:
ಎರ್‌ಜಾಟ್ಸ್. ಅಂದರೆ ಬದಲಿ.
ಓಕ್ ಬೀಜ ಹುರಿದು ಕುದಿಸಿದ ಕರಿನೀರು, ಬದಲಿ ಕಾಫಿ.
ಮರದ ಅಟ್ಟೆಯ ಜೋಡು, ಬದಲಿ ತೊಗಲು.
ಪೂರ್ವದ ಗಡಿಯಲ್ಲಿ ಒಬ್ಬ ಬಿದ್ದರೆ
ಸ್ಟೆಟಿನ್‌ನಲ್ಲಿ ರೈಲು ಹತ್ತುವ ಇನ್ನೊಬ್ಬ,
ಅವನೂ ಬದಲಿ.
ಅವನಿಗೆ ಕವಾಯತು ಕಲಿಸಿ ಕಳಿಸುವ ಸೈನ್ಯಕ್ಕೂ ಅದೇ ಹೆಸರು.

ಮೂರನೆಯ ಮಹಡಿ, ಕಾಲುವೆ ಕಡೆಯ ಕಿಟಕಿ.
ಗಾಜು ನವೆಂಬರಿನ ಬಾಂಬಿಗೇ ಹೋಯಿತು, ಈಗ ರಟ್ಟು.
ಬೆರಳು ಕತ್ತರಿಸಿದ ಕೈಗವಸು ತೊಟ್ಟು ನಾನು ಟೈಪು ಹೊಡೆಯುತ್ತೇನೆ:
ಬೇಡಿಕೆ, ಮಂಜೂರು, ರವಾನೆ, ಹಿಂದಿರುಗಿದ್ದು.
ಹಿಂದಿರುಗಿದ್ದು ಎಂಬ ಅಂಕಣ
ಬಂದೂಕುಗಳಿಗೆ ಮಾತ್ರ.

೭೩೧೬ ನನಗೆ ಗುರುತಿತ್ತು.
ಮೂರು ಸಲ ಬಂದಿತ್ತು, ಆಸ್ಪತ್ರೆ ರೈಲಿನ ಕೊನೆಯ ಡಬ್ಬಿಯಲ್ಲಿ.
ದುರಸ್ತಿ ಮಳಿಗೆಯ ಮುದುಕ ಲ್ಯೂಡೆಕೆ ಹೇಳಿದ್ದ:
"ಹಿಡಿಯ ಮೇಲೆ ಯಾರೋ ಚಾಕುವಿನಲ್ಲಿ ಮನೆ ಕೊರೆದಿದ್ದಾರೆ, ಫ್ರೌ ಕ್ನೋರ್,
ಬಾಗಿಲು, ಹೊಗೆಗೂಡು, ಎಲ್ಲ.
ಉಜ್ಜಿ ತೆಗೆದೆ. ಹೊಗೆ ಮಾತ್ರ ಸ್ವಲ್ಪ ಉಳಿದುಬಿಟ್ಟಿತು."

ಅದರ ತೋಟಾ ತುಂಬುವ ಹುಡುಗಿಯರು ಪೋಲ್ಟಾವಾ ಕಡೆಯವರಂತೆ,
ಎದೆಯ ಮೇಲೆ ಹೊಲಿದ ಚೌಕದ ಬಟ್ಟೆ.
ನಮ್ಮ ಪಟ್ಟಿಯಲ್ಲಿ ಅವರು ಕೈಗಳು:
ನಾನ್ನೂರು ಕೈ ಬೇಕು, ನಾನ್ನೂರು ಕೈ ಸಿಕ್ಕವು.
ಹಾಗಾದರೆ ಜನ ಇನ್ನೂರೋ ನಾನ್ನೂರೋ ಎಂದು
ನಾನು ಕೇಳಲಿಲ್ಲ.
ಕೇಳಬಹುದಿತ್ತು.

ಫೆಬ್ರವರಿಯ ಪಟ್ಟಿ, ಹತ್ತೊಂಬತ್ತನೆಯ ಸಾಲು:
ಹಾರ್ಟ್‌ವಿಗ್ ಬ್ರೆಮೆ, ವಯಸ್ಸು ಹದಿನೇಳೂವರೆ, ಬಂದೂಕು ೭೩೧೬.
ತಂಗಿಯ ಮಗ.
ಸುಳ್ಳೇಕೆ, ಮೊದಲು ಸಂತೋಷವೇ ಆಯಿತು.
ಮೂರು ಸಲ ಮರಳಿದ್ದಲ್ಲವೇ, ಅದಕ್ಕೆ ದಾರಿ ಗೊತ್ತು,
ಮುದಿ ಕುದುರೆಗೆ ಲಾಯ ಗೊತ್ತಿರುವ ಹಾಗೆ.
ಹೊತ್ತು ಹೋದವರು ಮರಳಿರಲಿಲ್ಲ ಎಂಬುದು
ಸಂಜೆ ಟ್ರಾಮಿನಲ್ಲಿ ಹೊಳೆಯಿತು.

ಬೇಸಿಗೆಯಲ್ಲಿ ಒಂದು ರಾತ್ರಿ
ನಮ್ಮ ಅಂಗಳದಲ್ಲೇ ಗುಂಡು ಹಾರಿದವು.
ಬೆಳಗಾಗುವಾಗ ಮರಳು ಸುರಿದಿದ್ದರು,
ಕೆಳಮಹಡಿಯ ಬಾಗಿಲುಗಳ ಮೇಲೆ ಹೊಸ ಹೆಸರು.
ಅವರಿಗೂ ಬದಲಿ ಸಿಕ್ಕಿದ್ದರು.

ಆ ಹೊಸ ಹೆಸರಿನಿಂದಲೇ ಆಗಸ್ಟಿನಲ್ಲಿ ಓಲೆ:
ಬಂದೂಕು ೭೩೧೬ ಹಿಂದಿರುಗಿಲ್ಲ.
ಯಾರ ವಶದಲ್ಲಿತ್ತು, ಹೇಗೆ ಕಳೆಯಿತು,
ವಿವರಣೆ ನಾಲ್ಕು ಪ್ರತಿಗಳಲ್ಲಿ.
ಹುಡುಗನ ವಿವರಣೆ ಯಾರೂ ಕೇಳಿರಲಿಲ್ಲ.
ತಂಗಿಗೆ ಬಂದದ್ದು ಒಂದು ಅಚ್ಚಾದ ಕಾರ್ಡು,
'ಕಾಣೆ' ಎಂಬುದರ ಕೆಳಗೆ ಗೆರೆ.

ನಾಲ್ಕು ಹಾಳೆ, ನಡುವೆ ಸವೆದ ಮೂರು ಕಾರ್ಬನ್.
ಹನ್ನೊಂದು ವರ್ಷದ ಅಭ್ಯಾಸ: ನನ್ನ ಬೆರಳು
ಅಂಕಿಗಳನ್ನು ಬಲವಾಗಿ ಹೊಡೆಯುತ್ತದೆ,
ಅಂಕಿ ತಪ್ಪಿದರೆ ಕೇಳುವವರಿದ್ದಾರೆ.
ಹೆಸರುಗಳನ್ನು ಮೆಲ್ಲಗೆ.
ಕೊನೆಯ ಹಾಳೆಯಲ್ಲಿ ೭೩೧೬ ಎದ್ದು ಕಾಣುತ್ತಿತ್ತು.
ಹಾರ್ಟ್‌ವಿಗ್ ಇರಬೇಕಾದಲ್ಲಿ
ಮಸಿ ಇರಲಿಲ್ಲ, ಬರೀ ಒತ್ತಿದ ತಗ್ಗು.

ಮೂರನ್ನು ಕಡತಕ್ಕೆ ಕೊಟ್ಟೆ. ನಾಲ್ಕನೆಯದನ್ನು
ಕೋಟಿನ ಅಸ್ತರಿನೊಳಗೆ ಮಡಚಿ ತಂಗಿಗೆ ಒಯ್ದೆ.
ಅವಳು ದೀಪ ಹಚ್ಚಲಿಲ್ಲ.
ಹಾಳೆಯ ಮೇಲೆ ಹೆಬ್ಬೆರಳು ಆಡಿಸಿದಳು,
ಎಡದಿಂದ ಬಲಕ್ಕೆ, ಮತ್ತೆ ಎಡದಿಂದ.

"ಇನ್ನಷ್ಟು ಜೋರಾಗಿ ಹೊಡೆಯಬಾರದಿತ್ತೇ," ಎಂದಳು.