ತೂಕ ಬಲ್ಲವನು

ಮೋಜಿ ಬಂದರಿನಲ್ಲಿ ಮೂವತ್ತೆಂಟು ವರ್ಷ ಕ್ರೇನು ನಡೆಸಿದೆ.
ಒಂದು ಪೆಟ್ಟಿಗೆ ಬೀಳಿಸಲಿಲ್ಲ.
ಒಂದೇ ಸಲ, ಸಕ್ಕರೆ ಮೂಟೆ. ಅದು ಕೊಕ್ಕೆಯ ತಪ್ಪು
ಎಂದು ಬರೆದುಕೊಟ್ಟಿದ್ದೇನೆ.
ಈಗ ತಿಂಗಳಿಗೊಂದು ಭಾನುವಾರ
ಎರಡು ಬಸ್ಸು ಬದಲಿಸಿ ನಗರಸಭೆಯ ವ್ಯಾಯಾಮಶಾಲೆಗೆ ಬರುತ್ತೇನೆ,
ಎತ್ತಿದ್ದನ್ನು ಬೇಕೆಂದೇ ಬೀಳಿಸುವವರನ್ನು ನೋಡಲು.

ಬೂಟು ಪ್ಲಾಸ್ಟಿಕ್ ಚೀಲದಲ್ಲಿ. ಮಡಚುವ ಕುರ್ಚಿ, ಮೂರನೇ ಸಾಲು.
ಪಕ್ಕದಲ್ಲಿ ಸುಯೆಯೋಶಿ ಅಮ್ಮ,
ಕಿತ್ತಳೆ ಸುಲಿದು ಸುತ್ತಲಿನವರಿಗೆಲ್ಲ ಹಂಚುವವರು,
ಖಳ ಬಂದನೆಂದರೆ ಸಿಪ್ಪೆ ಹಿಡಿದು ಎದ್ದು ನಿಲ್ಲುವವರು.

ಹಾರುವ ಹುಡುಗರು ನನಗೆ ಬೇಡ.
ಹಗ್ಗದ ಮೇಲಿಂದ ಲಾಗ ಹಾಕುತ್ತಾರೆ, ಚೆಂದವೇ,
ಆದರೆ ಅವರು ಹೊತ್ತದ್ದು ತಮ್ಮದೇ ತೂಕ.
ನನಗೆ ಇನ್ನೊಬ್ಬರ ತೂಕ ಬೇಕು.

ಸೂಪ್ಲೆಕ್ಸ್ ಸರಿ, ಇಬ್ಬರೂ ಒಂದೇ ಕಮಾನಾಗಿ ಹಿಂದಕ್ಕೆ ಬಾಗುವಾಗ
ಯಾರ ಕಾಲು ಯಾರದೆಂದು ತಿಳಿಯುವುದಿಲ್ಲ.
ಪವರ್‌ಬಾಂಬ್‌ಗೆ ಮನೆಯೇ ಅಲುಗಿದಂತಾಗುತ್ತದೆ.
ಆದರೂ ಬಾಡಿ ಸ್ಲ್ಯಾಮ್.
ಎಲ್ಲಕ್ಕೂ ಹಳೆಯದು, ಅನ್ನದ ಹಾಗೆ, ಯಾರೂ ಹೊಗಳುವುದಿಲ್ಲ.
ಒಂದು ಕೈ ತೊಡೆಗಳ ನಡುವೆ, ಇನ್ನೊಂದು ಹೆಗಲ ಮೇಲೆ,
ಎದೆಗೆ ಅಡ್ಡಲಾಗಿ ಮೇಲಕ್ಕೆ,
ಅಲ್ಲಿ ಒಂದು ಗಳಿಗೆ ತಡೆ.
ಆ ಗಳಿಗೆಗೇ ನಾನು ಟಿಕೆಟ್ ಕೊಳ್ಳುವುದು.
ಆಮೇಲೆ ಕುಕ್ಕಬೇಕು. ಕೊಡವಿ ಹಾಸಿದ ಹಾಸಿಗೆಯಂತೆ
ಇಡೀ ಬೆನ್ನು ಒಟ್ಟಿಗೆ ನೆಲ ಮುಟ್ಟಬೇಕು.
ದಡ್ ಅಲ್ಲ, ದಡಾರ್.
ದಡ್ ಎಂದರೆ ಯಾವುದೋ ಒಂದು ಮೂಳೆ ಮುಂಚೆ ತಲುಪಿದೆ.

ಸುಳ್ಳು ಕುಸ್ತಿ ಎನ್ನುತ್ತಾನೆ ನನ್ನ ಅಳಿಯ.
ಎತ್ತಿಸಿಕೊಳ್ಳುವವನೇ ಮೆಲ್ಲಗೆ ಜಿಗಿದು ಕೊಡುತ್ತಾನಂತೆ.
ಹೌದಪ್ಪ, ಕೊಡುತ್ತಾನೆ. ಹಿಮ್ಮಡಿ ಏಳುವುದನ್ನು ನಾನೂ ಕಂಡಿದ್ದೇನೆ.
ಹೊರೆಯ ಒಪ್ಪಿಗೆಯಿಲ್ಲದೆ ಏನನ್ನಾದರೂ ಎತ್ತಿ ನೋಡು:
ಹಟ ಹಿಡಿದ ಮಗು, ಹೆಣ, ನೀರು ಕುಡಿದ ಹತ್ತಿ.
ನನಗೂ ಕೆಳಗೆ ಸನ್ನೆ ಮಾಡುವ ತ್ಸುಬೊಯ್ ಇದ್ದ.
ಅವನ ಬೆರಳು ಮಡಚಿದರೆ ಇಳಿಸುತ್ತಿದ್ದೆ, ಬಿಚ್ಚಿದರೆ ನಿಲ್ಲಿಸುತ್ತಿದ್ದೆ.
ಅದನ್ನು ಯಾರೂ ಸುಳ್ಳು ಎನ್ನಲಿಲ್ಲ.

ಆ ಮೂಟೆ ಬಿದ್ದದ್ದು ಅವನ ಕಾಲಿಂದ ಒಂದು ಗೇಣು ಆಚೆ.
ಕೊಕ್ಕೆಯ ತಪ್ಪಲ್ಲ.
ಜಲಸಂಧಿಯಲ್ಲಿ ಬಿಳಿಯ ಹಡಗೊಂದು ಹಾದುಹೋಗುತ್ತಿತ್ತು,
ನನ್ನ ಕಣ್ಣು ಅದರ ಮೇಲಿತ್ತು.
ತ್ಸುಬೊಯ್ ರೆಪ್ಪೆಯ ತುಂಬ ಸಕ್ಕರೆ ಮೆತ್ತಿಕೊಂಡು ನಕ್ಕ,
ನಗು ನಿಂತ ಮೇಲೂ ಅವನ ಕೈ ಮಾತ್ರ
ನಿಲ್ಲಿಸು ನಿಲ್ಲಿಸು ಎನ್ನುತ್ತಲೇ ಇತ್ತು.

ಇವತ್ತು ಕೊನೆಯ ಪಂದ್ಯ. ಇಸೊಗಾಯ್,
ಪೋಸ್ಟರಿನಲ್ಲಿ ನೂರೈವತ್ತು ಕಿಲೋ, ನನ್ನ ಕಣ್ಣಿಗೆ ನೂರ ಮೂವತ್ತೆಂಟು.
ಎದುರಿಗೆ ಮಿತಾರಾಯ್, ಅಂಚೆಯವನಂಥ ಮೈ,
ಎಡ ಮಂಡಿಗೆ ಬ್ಯಾಂಡೇಜು.
ಎತ್ತಲು ಹೋದ, ಸೊಂಟ ಹಿಡಿಯಿತು.
ಮತ್ತೆ ಹೋದ, ಇಸೊಗಾಯ್ ಅವನ ಮೇಲೇ ಒರಗಿದ, ಬೀರು ಒರಗಿದ ಹಾಗೆ.
ಸುಯೆಯೋಶಿ ಅಮ್ಮ ಸಿಪ್ಪೆ ಹಿಂಡುತ್ತಿದ್ದಾರೆ.
ಎಷ್ಟನೇ ಸಲವೋ, ಮಿತಾರಾಯ್ ಮಂಡಿ ನಡುಗುತ್ತಾ
ಎದ್ದೇ ಎದ್ದ,
ಎದೆಯ ಮೇಲೆ ಇಸೊಗಾಯ್,
ಇನ್ನೂರು ಜನರ ಉಸಿರು ಅವರ ಕೆಳಗೆ.

ಕುತ್ತಿಗೆಯ ಹಿಂದೆ ಅವನ ಅಂಗೈ ಹೋದದ್ದನ್ನು ನಾನು ಕಂಡೆ.
ಕೊಡದ ತಳಕ್ಕೆ ಸಿಂಬಿ ಕೊಡುವ ಹಾಗೆ.
ನನ್ನ ಬೆರಳುಗಳು ತಾವಾಗಿ ಮಡಚಿಕೊಂಡವು:
ಇಳಿಸು.
ದಡಾರ್!

ಮುಗಿದ ಮೇಲೆ ಪೈಲ್ವಾನರೇ ಕುರ್ಚಿ ಒಟ್ಟುತ್ತಾರೆ, ಸಣ್ಣ ಕಂಪನಿ.
ಕೊರಳಿಗೆ ಒದ್ದೆ ಟವೆಲು ಸುತ್ತಿದ ಇಸೊಗಾಯ್ ಕೈಗೆ
ನನ್ನ ಕುರ್ಚಿ ಕೊಟ್ಟು ಕೇಳಿಯೇ ಬಿಟ್ಟೆ: ನೂರ ಮೂವತ್ತೆಂಟಾ?
ಅವನು ಅತ್ತಿತ್ತ ನೋಡಿದ. ಬಗ್ಗಿದ.
ನೂರ ಮೂವತ್ತೈದು. ಯಾರಿಗೂ ಹೇಳಬೇಡಿ.

ಬಸ್ಸಿನಲ್ಲಿ ಯೋಚಿಸಿದೆ. ಮೂರು ಕಿಲೋ ತಪ್ಪಿದೆ.
ಕಣ್ಣು ಮಂದವಾಯಿತೋ, ಅವನು ಅಷ್ಟು ಬೆವರಿದನೋ.
ಡೈರಿ ತೆಗೆದು
ಬೆವರು ಎಂದು ಬರೆದುಕೊಂಡೆ.