ಮಾದರಿ ಸಹಿ

ಕಲಬುರಗಿ ತಹಸೀಲ ಕಚೇರಿ ಎದುರಿನ ಬೇವಿನ ಗಿಡದ ಕೆಳಗ
ಮೂವತ್ತೊಂದು ವರ್ಷ ಮಂದಿ ಅರ್ಜಿ ಬರದೀನಿ.
ಪಹಣಿ ತಿದ್ದುಪಡಿ, ವಿಧವಾ ವೇತನ,
ಸತ್ತಾನಂತ ಸರ್ಕಾರ ಬರಕೊಂಡ
ಜೀವಂತ ಮನುಷ್ಯಾನ ರೇಷನ್ ಕಾರ್ಡು.
‘ತಮ್ಮ ಘನ ಅವಗಾಹನೆಗೆ’ ಅನ್ನೂದು
ಕಣ್ಣು ಮುಚ್ಚಿದ್ರೂ ಬರತಿತ್ತು,
ಘನದ ಹೊಟ್ಟಿ ದುಂಡಗ, ಸಾಲು ಹಗ್ಗ ಹಿಡದಂಗ.

ಮೊದಲ ಅಕ್ಷರ ಸಣ್ಣವಾದವು.
ಸಾಲು ಶುರು ಆಗೂಮುಂದ ಜ್ವಾಳದ ಕಾಳು,
ಮುಗಿಯೂದ್ರಾಗ ಸಾಸಿವಿ,
ಆಮ್ಯಾಲ ರಾಜಗಿರಿ.
ಕಾಗದ ಉಳಸ್ತೀರೇನು ಮುನ್ಷಿ ಅಂತ
ಸ್ಟ್ಯಾಂಪ್ ಮಾರೂ ಜಗದೇವಿ ನಕ್ಕಳು.
ನಾನೂ ನಕ್ಕೆ. ಮಾರಿ ನಗಲಿಲ್ಲ.
ಒಳಗ ನಕ್ಕಿದ್ದು ಹೊರಗ ಬರಲಾಕ
ಅಷ್ಟೊತ್ತಿಗೇ ತಡ ಆಗಲಾಕತ್ತಿತ್ತು.

ದವಾಖಾನ್ಯಾಗ ಡಾಕ್ಟರ್ ತಹ್ಸೀನ್
ಒಂದು ಸುರುಳಿ ತೆಗೀರಿ ಅಂದಳು.
ಮುಳ್ಳುಬೇಲಿಗೆ ಸಿಕ್ಕ ದಾರದಂಗ ಬಂತು.
ಗುಳಿಗಿ ನಡುಕ ಹಿಡದು ನಿಲ್ಲಸ್ತದ ಕಾಕಾ,
ರೋಗದ ನಡಿಗಿ ನಿಲ್ಲಸಂಗಿಲ್ಲ.
ಮತ್ತ ಅದನ್ನ ನಿಲ್ಲಸೂದು?
ಹುಡುಕಬೇಕು. ಹುಡುಕಲಾಕ ರೊಕ್ಕ ಬೇಕು.
ಆಕಿ ಪ್ರಯೋಗಶಾಲಿ ಅಂದ್ರ ಜಿನಾದ ಕೆಳಗಿನ ಖೋಲಿ,
ಕರೆಂಟ್ ಹೋದಾಗೊಮ್ಮೆ ಸುಮ್ಮಾಗೂ ಫ್ರಿಜ್ಜು,
ಅದರಾಗ ಜೀವಕೋಶದ ಸಣ್ಣ ಸಣ್ಣ ತಾಟು.
ಎರಡು ವರ್ಷದ ಹಿಂದ ದಿಲ್ಲಿಗೆ ಕಳಿಸಿದ ಅರ್ಜಿಗೆ
ಬಂದ ಉತ್ತರ ತೋರಿಸಿದಳು:
ಪರಿಶೀಲನೆಯಲ್ಲಿದೆ.

ಆ ಶಬ್ದ ನನಗ ಗುರ್ತು.
ಅದರ ಬಾಗಿಲಾಗ ಎಷ್ಟು ಮುದುಕ್ಯಾರನ್ನ
ನಾನೇ ಕುಂಡ್ರಿಸಿ ಬಂದೀನಿ.

ಸಂಜಿಗೆ ಚೆಕ್ಕು ಬರದೆ. ಆಕಿ ಕೇಳಿರಲಿಲ್ಲ.
ಹನ್ನೊಂದು ಸಾವಿರ, ಫ್ರಿಜ್ಜಿಗೊಂದು ಬ್ಯಾಟರಿ ಬರಲಿ ಅಂತ.
ಅರ್ಧಾ ತಾಸು ಹಿಡೀತು.
ನಾಕನೇ ದಿನ ತಿರುಗಿ ಬಂತು:
ಸಹಿ ತಾಳೆಯಾಗುತ್ತಿಲ್ಲ.

ಬ್ಯಾಂಕಿನ ಹುಡುಗ ಕಂಪ್ಯೂಟರ್ ನನ್ನ ಕಡಿ ತಿರುಗಿಸಿದ.
ತೊಂಬತ್ತೆಂಟರಾಗ ಹಾಕಿದ ಮಾದರಿ ಸಹಿ.
ಎಂಥಾ ಅಂಬಾರಾಯ ಇದ್ದ ಅಂವ!
ಸೊನ್ನಿ ಬಂದಾ ರೂಪಾಯಿಯಷ್ಟು,
ಕಡೀ ಗೀಟು ಚೌಕ ಹರಕೊಂಡು ಹೊರಗ ಹೋಗ್ಯಾದ,
ಯಾರ ಅಪ್ಪಣಿನೂ ಕೇಳಿಲ್ಲ.
ಹೆಬ್ಬಟ್ಟು ಒತ್ತರಿ ಕಾಕಾ, ನಡೀತದ, ಅಂದ ಹುಡುಗ.

ಸಾವಿರ ಮಂದಿ ಹೆಬ್ಬಟ್ಟಿನ ಬಾಜೂಕ
‘ಇಂಥವರ ಎಡಗೈ ಗುರುತು’ ಅಂತ ಬರದ ಕೈ ಇದು.
ಒತ್ತಿದೆ. ಎರಡು ಅಂಚು ಮೂಡಿತು,
ಒಂದು ನಂದು, ಒಂದು ನಡುಕದ್ದು.
ಹುಡುಗ ಬಾಜೂಕ ಹೆಸರು ಬರದ, ದೀರ್ಘ ಬಿಟ್ಟ.
ತಿದ್ದಪ್ಪಾ, ಅಂದೆ. ತಿದ್ದಿದ.

ನಾಳಿಗೆ ತಹ್ಸೀನ್ ಬರತಾಳ. ಎರಡನೇ ಅರ್ಜಿ.
ನಾ ಹೇಳ್ತೀನಿ, ನೀ ಬರಿ, ಅಂದೀನಿ.
‘ವಿಷಯ’ದ ಮುಂದ ಏನು ಬರಸಬೇಕಂತ
ಗಿಡದ ಕೆಳಗ ಕುಂತು ವಿಚಾರ ಮಾಡ್ಲಾಕತ್ತೀನಿ.
ಬಲಗೈ ತೊಡಿ ಮ್ಯಾಲ
ತನ್ನ ಪಾಡಿಗೆ ತಾ ಬರೀಲಾಕತ್ತದ.