ಆರು ಹೆಜ್ಜೆ

ನೀರಿನ ಟ್ಯಾಂಕರು ನೀಲಿ, ಹೊಲಸಿನದು ಹಳದಿ.
ಯಾವುದಕ್ಕೆ ಕೈ ಬೀಸಬೇಕು, ಯಾವುದಕ್ಕೆ ಮೂಗು ಮುಚ್ಚಬೇಕು,
ಬರ್ಕಾದ ಮಕ್ಕಳಿಗೂ ಗೊತ್ತು.
ನಮ್ಮದು ಹಳದಿ.

ತಿಂಗಳಿಗೊಮ್ಮೆ ಹೋಗುತ್ತಿದ್ದ ಮನೆಗೆ
ವಾರಕ್ಕೆರಡು ಸಲ ಕರೆ ಬರತೊಡಗಿತು.
ಗುಂಡಿ ತುಂಬಿರಲಿಲ್ಲ. ಆದರೂ ಬಚ್ಚಲು ಹಿಂದಕ್ಕೆ ಉಕ್ಕುತ್ತಿತ್ತು,
ನುಂಗಿದ ಮಾತು ಗಂಟಲಿಗೆ ಬಂದ ಹಾಗೆ.

"ಹೀರಿಕೊಂಡು ಹೋದರಾಯಿತು, ಸಲಕ್ಕೆ ಹದಿನೈದು ರಿಯಾಲು,
ನಮಗೇನು ನಷ್ಟ?" ಅಂದ ಮೊಫಿಜುಲ್.
ನನಗೇಕೋ ಮನಸ್ಸಾಗಲಿಲ್ಲ.
ಮುಚ್ಚಳ ಸರಿಸಿ, ಮುಖ ತಿರುಗಿಸಿ ಉಸಿರೆಳೆದುಕೊಂಡು, ಟಾರ್ಚು ಬಿಟ್ಟೆ.

ಪೈಪಿನ ಬಾಯ್ತುಂಬ ಬೇರು.
ಗೋಡೆ ಬದಿಯ ದಮಾಸ್ ಮರದ್ದು.
ಬೇರು ಪೈಪು ಒಡೆಯುತ್ತದೆ ಅನ್ನುತ್ತಾರೆ. ಇಲ್ಲ.
ಎರಡು ಪೈಪು ಕೂಡುವಲ್ಲಿ ಸಿಮೆಂಟು ಕೂದಲೆಳೆಯಷ್ಟು ಬಿಟ್ಟಿರುತ್ತದೆ,
ಅಲ್ಲಿಂದ ಒಂದಿಷ್ಟು ತೇವದ ಉಸಿರು,
ಸಾಕು.
ಆಗಸ್ಟಿನ ಮರಳಿನಲ್ಲಿ ಅದಕ್ಕೆ ಬೇರೇನು ಕೆಲಸ?

ಮೂರು ಗಂಟೆ ಅಗೆದು, ಕೊಕ್ಕೆ ಹಾಕಿ ಎಳೆದರೆ
ಬಂತು ನೋಡಿ, ಎರಡು ಮಾರು ಉದ್ದ, ಪೈಪಿನಷ್ಟೇ ದಪ್ಪ,
ಎಣ್ಣೆ ಹಚ್ಚಿ ಬಿಗಿದ ಜಡೆ.
ಒಂದು ಎಳೆಯೂ ಆಚೀಚೆ ಇಲ್ಲ.
ವಾಸನೆ ಮರೆತರೆ ಕುಸುರಿ ಕೆಲಸ.

ಆಗ ಹೊರಗೆ ಬಂದಳು ಮನೆಯೊಡತಿ ಉಮ್ಮ್ ಹಿಲಾಲ್,
ಎಪ್ಪತ್ತರ ಆಸುಪಾಸು, ಮೊಳಕೈವರೆಗೆ ಹಿಟ್ಟು.
ಬೈಯುತ್ತಾಳೆ ಅಂದುಕೊಂಡೆ.
ಬೇರನ್ನು ನೋಡಿದಳು, ಮೂಗು ಮುಚ್ಚದೆ.
ಗುಂಡಿಯಿಂದ ಮರದವರೆಗೆ ನಡೆದಳು, ಬೆರಳು ಮಡಿಚಿ ಎಣಿಸುತ್ತ.
ಆರು.

"ಇಪ್ಪತ್ತು ಹೆಜ್ಜೆ ಆಚೆ ನೆಡು ಅಂದೆ.
ಆ ದಿನವೇ ಅಂದೆ. ಸೈಫ್ ಕೇಳಲಿಲ್ಲ.
ನೆರಳು ಬಾಗಿಲಿಗೇ ಬರಬೇಕು, ನೀನು ಚಹಾ ತಾ, ಅಂದ."
ಹೇಳಿ ನಕ್ಕಳು.
ಇಪ್ಪತ್ತೆರಡು ವರ್ಷದ ಜಗಳ ಗೆದ್ದವಳ ನಗು.
ನಗುತ್ತಲೇ ಪಕ್ಕಕ್ಕೆ ತಿರುಗಿದಳು, ನೋಡಿದೆಯಾ ಅನ್ನಲು.
ಪಕ್ಕದಲ್ಲಿ ಮೊಫಿಜುಲ್ ನಿಂತಿದ್ದ, ಸಲಿಕೆ ಹಿಡಿದು.

ಮರ ಕಡಿಯಲೇ, ಕೇಳಿದೆ.
"ಮರ ಏನು ಮಾಡಿತು? ಪೈಪು ತಿರುಗಿಸು."

ತಿರುಗಿಸಿದೆವು, ಗೇಟಿನ ಕಡೆಗೆ.
ನಡುವೆ ಎದೆಯಾಳದ ಕಂದಕ ತೋಡಿ ದಪ್ಪ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿದೆವು.
ಕೂಡುಗಳಿಗೆ ರಬ್ಬರು ಉಂಗುರ.
ಮರದ ಆಚೆ ಬದಿಗೆ ದಿನವೂ ಒಂದು ಬಕೆಟ್ ನೀರು ಹಾಕಮ್ಮ, ಅಂದೆ,
ಬಾಯಾರದವರು ಕಳ್ಳದಾರಿ ಹಿಡಿಯುವುದಿಲ್ಲ.
ಮುಂದಿನ ತಪಾಸಣೆಯ ತಿಂಗಳನ್ನು ಗೋಡೆಯ ಮೇಲೆ
ಸೀಮೆಸುಣ್ಣದಲ್ಲಿ ಕನ್ನಡದಲ್ಲೇ ಬರೆದುಬಿಟ್ಟೆ.
ಇರಲಿ, ಓದಬೇಕಾದವನು ನಾನೇ ತಾನೆ.

ಮೊನ್ನೆ ಆ ದಾರಿಯಲ್ಲಿ ಹೋದೆವು, ನಿಲ್ಲಿಸುವ ಕೆಲಸವಿರಲಿಲ್ಲ.
ವಾರಕ್ಕೆ ಮೂವತ್ತು ರಿಯಾಲು, ಅಂದ ಮೊಫಿಜುಲ್, ಕಿಟಕಿಯ ಕಡೆ ಮುಖ ಮಾಡಿ.
ಮರ ಒಂದು ಬದಿಯ ಎಲೆ ಉದುರಿಸಿಕೊಂಡಿತ್ತು.
ಗೇಟಿನ ಕೊಂಡಿಯಲ್ಲಿ ಆ ಜಡೆ, ತೊಳೆದು ಒಣಗಿಸಿ ತೂಗುಹಾಕಿದ್ದು.
ಕೆಳಗೆ ಕುರ್ಚಿ ಹಾಕಿಕೊಂಡು ಅವಳು
ಯಾರಿಗೋ ಬೆರಳು ಮಡಿಚಿ ತೋರಿಸುತ್ತಿದ್ದಳು,
ಆರು.